ವಿಕರ್ಣನ ವಯಸ್ಸು

ಮಹಾಭಾರತದ ಕಥೆಯನ್ನು ಮೊತ್ತಮೊದಲಿಗೆ ಪುಸ್ತಕದಿಂದಲೇ ತಿಳಿದವರು ಕನ್ನಡ ನಾಡಿನಲ್ಲಿ ಬಹು ವಿರಳ. ಗ್ರಂಥವನ್ನು ಕೈಗೆತ್ತಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ಕಥೆ ಕಿವಿಗೆ ಬಿದ್ದಿರುತ್ತದೆ. ಅಜ್ಜಿ ತುತ್ತಿಡುವಾಗ ಹೇಳಿದ ಬಕಾಸುರನ ಪ್ರಸಂಗ, ದೇವಸ್ಥಾನದ ಅಂಗಳದ ಹರಿಕಥೆ, ಬೆಳಗಿನ ಜಾವದವರೆಗೆ ನಡೆದ ಬಯಲಾಟ, ಗಮಕಿಗಳ ವಾಚನ, ಬೆಳ್ಳಿತೆರೆಯ ಕೃಷ್ಣ, ಇವೆಲ್ಲ ಸೇರಿ ಭಾರತವನ್ನು ಮನೆಯ ಮಾತನ್ನಾಗಿ ಮಾಡಿಬಿಟ್ಟಿವೆ. ಹಾಗಿರುವಾಗ, ಎಲ್ಲರಿಗೂ ಗೊತ್ತಿರುವ ಈ ಕಥೆಯನ್ನು ಕಾಲೇಜಿನ ತರಗತಿಯಲ್ಲಿ ಮೂರು ವರ್ಷ ಕುಳಿತು ಓದಿದ ತರುಣನೊಬ್ಬನಿಗೆ ಹೊಸದಾಗಿ ದೊರೆಯುವುದಾದರೂ ಏನು? ಅಂಕಗಳ ಮಾತು ಹಾಗಿರಲಿ. ಅವನ ಬಾಳಿಗೆ ಅದರಿಂದ ಏನಾದರೂ ಒದಗುತ್ತದೆಯೆ?

ಮಲೆನಾಡಿನ ಚಿಕ್ಕ ಊರೊಂದರಿಂದ ಮೈಸೂರಿಗೆ ಓದಲು ಬಂದ ವಿದ್ಯಾರ್ಥಿಯೊಬ್ಬನ ಅನುಭವ ಈ ಪ್ರಶ್ನೆಗೆ ಒಂದು ಬಗೆಯ ಉತ್ತರವಾಗಿದೆ. ಆತ ಅಸಾಧಾರಣ ಪ್ರತಿಭೆಯವನೇನೂ ಅಲ್ಲ. ಬಿ.ಎ. ತರಗತಿಗೆ ಸೇರಿದಾಗ ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡದ್ದಕ್ಕೆ ಅವನ ಕಾರಣ ಸರಳವಾಗಿತ್ತು: ಪಠ್ಯದಲ್ಲಿ ಭಾರತ, ರಾಮಾಯಣಗಳ ಭಾಗ ಹೆಚ್ಚು, ಆ ಕಥೆ ತನಗೆ ಗೊತ್ತು. 2020ರಲ್ಲಿ ಸಾಂಕ್ರಾಮಿಕಕ್ಕೆ ಅಂಜಿ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದಾಗ ದೂರದರ್ಶನವು ತನ್ನ ಹಳೆಯ ಧಾರಾವಾಹಿಗಳನ್ನು ಮತ್ತೊಮ್ಮೆ ಬಿತ್ತರಿಸಿತಷ್ಟೆ. 1988ರಲ್ಲಿ ಮೊದಲು ಪ್ರಸಾರವಾಗಿದ್ದ ‘ಮಹಾಭಾರತ’ವನ್ನು ಆ ಹುಡುಗ ಮನೆಮಂದಿಯೊಡನೆ ಕುಳಿತು ಕಡೆಯವರೆಗೂ ನೋಡಿದ್ದ. ಕರ್ಣನ ರಥದ ಗಾಲಿ ನೆಲದಲ್ಲಿ ಹೂತ ದಿನ ಅವನು ಸರಿಯಾಗಿ ಊಟ ಮಾಡಿರಲಿಲ್ಲ.

ಆದುದರಿಂದ ಮೊದಲ ವರ್ಷದ ಅಧ್ಯಾಪಕರು ‘ಕರ್ಣನ ಪಾತ್ರವನ್ನು ವಿವೇಚಿಸಿ’ ಎಂದು ಪ್ರಬಂಧ ಬರೆಯಲು ಹೇಳಿದಾಗ, ಆತ ಪುಸ್ತಕವನ್ನೇ ತೆರೆಯದೆ ಒಂದೇ ಸಂಜೆ ಆರು ಪುಟ ತುಂಬಿಸಿಕೊಟ್ಟ. ಹಾಳೆಗಳು ಹಿಂದಿರುಗಿ ಬಂದಾಗ ಅವುಗಳ ಮೇಲೆ ಅಂಕವಿರಲಿಲ್ಲ. ಅಂಚಿನಲ್ಲಿ ಕೆಂಪು ಶಾಯಿಯ ಎರಡೇ ಮಾತು: ‘ಯಾವ ಕರ್ಣ?’

ಮೂವರು ಕರ್ಣರು

ಅಲ್ಲಿಂದ ಅವನ ನಿಜವಾದ ಓದು ಮೊದಲಾಯಿತೆನ್ನಬೇಕು. ಕ್ರಿ. ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನಿಗೆ ತನ್ನ ಆಶ್ರಯದಾತನಾದ ಅರಿಕೇಸರಿಯೇ ಅರ್ಜುನ. ಕಾವ್ಯದ ಕೊನೆಯಲ್ಲಿ ಪಟ್ಟವೇರುವವನೂ ಅರ್ಜುನನೇ. ಅಷ್ಟಾಗಿಯೂ ಆ ಕವಿಯ ಮನಸ್ಸು ಎದುರು ಪಾಳೆಯದ ಕರ್ಣನ ಕಡೆಗೆ ಮತ್ತೆ ಮತ್ತೆ ಹರಿಯುತ್ತದೆ. ಭಾರತದಲ್ಲಿ ನೆನೆಯಬೇಕಾದವನು ಯಾರೆಂದು ಕೇಳಿದರೆ ಪಂಪ ಬೆರಳು ಮಾಡುವುದು ಅವನತ್ತಲೇ. ಐದು ಶತಮಾನಗಳ ಅನಂತರ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹಾಡಿದ ಕುಮಾರವ್ಯಾಸನ ಕರ್ಣ ಇನ್ನೊಂದು ಬಗೆಯವನು. ಕೃಷ್ಣನು ಆತನನ್ನು ಬೇರೆಯಾಗಿ ಕರೆದು ಜನ್ಮರಹಸ್ಯವನ್ನು ತಿಳಿಸುವ ಆ ಪ್ರಸಂಗದಲ್ಲಿ ಕರ್ಣನ ಗಂಟಲು ಕಟ್ಟುತ್ತದೆ. ಓದುವವನ ಗಂಟಲೂ ಕಟ್ಟುತ್ತದೆ.

ಈ ಇಬ್ಬರನ್ನೂ ಮನಸಾರೆ ಒಪ್ಪಿಕೊಂಡ ಮೇಲೆ ಆ ವಿದ್ಯಾರ್ಥಿ ವ್ಯಾಸಭಾರತದ ಕನ್ನಡ ಅನುವಾದವನ್ನು ಗ್ರಂಥಾಲಯದಿಂದ ತಂದ. ಸಭಾಪರ್ವದಲ್ಲಿ ಅವನಿಗೆ ಕಾದಿದ್ದುದು ಬೇರೆಯೇ ಕರ್ಣ. ದ್ರೌಪದಿಯ ವಸ್ತ್ರವನ್ನು ಸೆಳೆಯುವಂತೆ ದುಶ್ಶಾಸನನಿಗೆ ಹೇಳಿದವನು ದುರ್ಯೋಧನನಲ್ಲ, ಶಕುನಿಯೂ ಅಲ್ಲ, ಸ್ವತಃ ಕರ್ಣ. ಊಟ ಬಿಟ್ಟು ಅತ್ತಿದ್ದ ಹುಡುಗನಿಗೆ ಇದು ಸಣ್ಣ ಆಘಾತವಾಗಿರಲಿಲ್ಲ. ಕೆಲವು ದಿನ ಅವನು ಆ ಪುಸ್ತಕವನ್ನು ಮುಟ್ಟಲಿಲ್ಲವಂತೆ.

ಮತ್ತೆ ಕೈಗೆತ್ತಿಕೊಂಡಾಗ ಉದ್ಯೋಗಪರ್ವ ಬಂದಿತು. ಕೃಷ್ಣನು ರಾಜ್ಯವನ್ನೇ ಕೈಗಿಡಲು ಬಂದರೂ ಕರ್ಣ ಒಪ್ಪುವುದಿಲ್ಲ. ಎತ್ತಿ ಸಾಕಿದ ಅಧಿರಥ, ಎದೆಹಾಲುಣಿಸಿದ ರಾಧೆ, ತನ್ನನ್ನೇ ನಂಬಿ ಯುದ್ಧಕ್ಕೆ ನಿಂತ ದುರ್ಯೋಧನ, ಇವರನ್ನು ತೊರೆದು ಪಡೆಯುವ ಸಿಂಹಾಸನ ಅವನಿಗೆ ಬೇಡ. ಅದೇ ಮಾತಿನ ನಡುವೆ, ದುರ್ಯೋಧನನನ್ನು ಮೆಚ್ಚಿಸಲೆಂದು ತಾನು ಪಾಂಡವರ ಮೇಲೆ ಆಡಿದ ಕಟುನುಡಿಗಳಿಗಾಗಿ ಈಗ ಬೇಯುತ್ತಿರುವುದಾಗಿಯೂ ಅವನು ಕೃಷ್ಣನಲ್ಲಿ ತೋಡಿಕೊಳ್ಳುತ್ತಾನೆ. ವಿದ್ಯಾರ್ಥಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಅಂದು ಬರೆದುಕೊಂಡದ್ದು ಹೀಗೆ: “ಕರ್ಣ ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದ್ದೇ ತಪ್ಪು. ಅನ್ನದ ಋಣ ಅವನಿಂದ ಒಳ್ಳೆಯದನ್ನೂ ಮಾಡಿಸಿತು, ಕೆಟ್ಟದ್ದನ್ನೂ ಮಾಡಿಸಿತು.”

ಹರೆಯದ ಮನಸ್ಸು ಮನುಷ್ಯರನ್ನು ಬೇಗ ಬೇಗ ಎರಡು ಪಂಕ್ತಿಯಲ್ಲಿ ಕೂರಿಸಿಬಿಡುತ್ತದೆ. ಆ ಅವಸರವನ್ನು ತಡೆಯುವುದೇ ಮಹಾಕಾವ್ಯದ ಮೊದಲ ಉಪಕಾರ. ನಮ್ಮ ಕವಿಗಳು ಈ ಪಾಠವನ್ನು ಎಡೆಬಿಡದೆ ಕಲಿಸಿದ್ದಾರೆ. ನಾಗಚಂದ್ರನ ರಾವಣ ಕೊನೆಗೆ ಸೀತೆಯ ದುಃಖವನ್ನು ಕಂಡು ಮನಸ್ಸು ತಿರುಗಿಸಿಕೊಳ್ಳುತ್ತಾನೆ; ರನ್ನನ ದುರ್ಯೋಧನ ರಣಭೂಮಿಯಲ್ಲಿ ಸತ್ತವರ ನಡುವೆ ನಡೆಯುತ್ತ ಓದುಗರ ಕರುಣೆಯನ್ನು ಸೆಳೆಯುತ್ತಾನೆ; 1949ರಲ್ಲಿ ಪ್ರಕಟವಾದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಂಥರೆಯಲ್ಲಿಯೂ ಮಮತೆಯನ್ನು ಕಾಣಿಸುತ್ತದೆ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿಗಳು ಕೃಷ್ಣನಿಗೂ ವಾದ ಕಟ್ಟುತ್ತಾರೆ, ಕೌರವನಿಗೂ ಕಟ್ಟುತ್ತಾರೆ. ಎದುರಾಳಿಗೂ ಹೇಳುವುದಕ್ಕೊಂದು ಮಾತಿದೆಯೆಂಬ ತಿಳಿವಳಿಕೆ ಇಲ್ಲಿ ಕಾವ್ಯದ ಬೆನ್ನಿಗೇ ಬೆಳೆದುಬಂದಿದೆ.

ಉತ್ತರ ಬಾರದ ಪ್ರಶ್ನೆ

ಎಲ್ಲರಿಗೂ ಹೇಳುವುದಕ್ಕೊಂದು ಮಾತಿದೆಯೆಂದು ಕಲಿತವನು, ತಾನು ಆಡಬೇಕಾದ ಮಾತನ್ನು ಮರೆತುಬಿಡುವ ಅಪಾಯವೂ ಉಂಟು. ಎರಡನೆಯ ವರ್ಷದಲ್ಲಿ ಆ ವಿದ್ಯಾರ್ಥಿಯನ್ನು ಕಾಡಿದುದು ಇದೇ. ದ್ಯೂತಸಭೆಯನ್ನು ಅವನು ಮತ್ತೊಮ್ಮೆ ಓದಿದ. ಈ ಸಲ ಕರ್ಣನಿಗಾಗಿ ಅಲ್ಲ, ದ್ರೌಪದಿಗಾಗಿ.

ಜೂಜಿನಲ್ಲಿ ಸೋತುಹೋದವಳೆಂದು ತನ್ನನ್ನು ಕರೆಯಲು ಬಂದ ಪ್ರಾತಿಕಾಮಿಯನ್ನು ಆಕೆ ಒಂದು ಪ್ರಶ್ನೆಯೊಡನೆ ಹಿಂದಕ್ಕೆ ಅಟ್ಟುತ್ತಾಳೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಮೊದಲು ತಾನೇ ದಾಸನಾದವನಿಗೆ ಇನ್ನೊಬ್ಬರನ್ನು ಪಣವಿಡುವ ಅಧಿಕಾರವೆಲ್ಲಿಯದು ಎಂಬುದು ಅದರ ತಾತ್ಪರ್ಯ. ಧರ್ಮರಾಯ ಬಾಯಿ ಬಿಡಲಿಲ್ಲ. ಕೂದಲು ಹಿಡಿದು ಎಳೆತಂದ ಮೇಲೆ ಅದೇ ಪ್ರಶ್ನೆಯನ್ನು ಅವಳು ಸಭೆಯ ಮುಂದಿಟ್ಟಳು. ಧರ್ಮದ ಗತಿ ಸೂಕ್ಷ್ಮವಾದುದು, ಇದನ್ನು ತೀರ್ಮಾನಿಸಲಾರೆ ಎಂದು ಭೀಷ್ಮರು ಕೈಚೆಲ್ಲಿದರು. ದ್ರೋಣ, ಕೃಪರು ಸುಮ್ಮನಿದ್ದರು. ಆ ಸಭೆಯಲ್ಲಿ ತಿಳಿದವರಿಗೆ ಕೊರತೆಯಿರಲಿಲ್ಲ, ನುಡಿಯುವವರಿಗೆ ಕೊರತೆಯಿತ್ತು.

ಆಗ ಎದ್ದು ನಿಂತವನು ವಿಕರ್ಣ. ಧೃತರಾಷ್ಟ್ರನ ನೂರು ಮಕ್ಕಳಲ್ಲಿ ಒಬ್ಬ, ದುರ್ಯೋಧನನ ತಮ್ಮ. ಪ್ರಶ್ನೆಗೆ ಉತ್ತರ ಕೊಡಿರೆಂದು ಆತ ರಾಜರನ್ನು ಮತ್ತೆ ಮತ್ತೆ ಕೇಳಿದ. ಯಾರೂ ನುಡಿಯದಿದ್ದಾಗ ತನ್ನ ಅಭಿಪ್ರಾಯವನ್ನೇ ಮುಂದಿಟ್ಟ. ವ್ಯಸನಕ್ಕೆ ಸಿಕ್ಕ ಅರಸ ಮಾಡಿದ ಕಾರ್ಯವನ್ನು ಜನ ಮನ್ನಿಸಬೇಕಾಗಿಲ್ಲ. ದ್ರೌಪದಿ ಒಬ್ಬನ ಹೆಂಡತಿಯಲ್ಲ, ಐವರಿಗೂ ಸಮಾನಳು. ಧರ್ಮರಾಯ ಆಕೆಯನ್ನು ಪಣವಿಟ್ಟದ್ದು ತನ್ನನ್ನು ಸೋತ ಮೇಲೆ. ಅದೂ ಶಕುನಿಯ ಪ್ರಚೋದನೆಯಿಂದ. ಆದುದರಿಂದ ಆಕೆ ಗೆಲ್ಲಲ್ಪಟ್ಟವಳಲ್ಲ. ಇಷ್ಟು ಸ್ಪಷ್ಟವಾದ ವಾದವನ್ನು ಆ ಸಭೆಯಲ್ಲಿ ಬೇರಾವ ರಾಜನೂ ಮಂಡಿಸಲಿಲ್ಲ.

ಅದಕ್ಕೆ ಉತ್ತರವಾಗಿ ಕರ್ಣ ಎತ್ತಿ ಆಡಿದುದು ಏನನ್ನು? ವಿಕರ್ಣನ ವಯಸ್ಸನ್ನು. ಹುಡುಗನಾಗಿದ್ದುಕೊಂಡು ವೃದ್ಧರ ಮಾತನ್ನಾಡುತ್ತಾನೆಂದು ಅವನು ಹಳಿದ. ಆ ಸಾಲಿನ ಪಕ್ಕದಲ್ಲಿ ವಿದ್ಯಾರ್ಥಿ ಪೆನ್ಸಿಲಿನಿಂದ ಗೆರೆಯೆಳೆದು, “ವಾದಕ್ಕೆ ಉತ್ತರವಿಲ್ಲದಾಗ ವಯಸ್ಸು ನೆನಪಾಗುತ್ತದೆ” ಎಂದು ಗುರುತು ಹಾಕಿದ.

ಅಕ್ಷಯವಾದ ಸೀರೆ

ಇದೇ ಹೊತ್ತಿನಲ್ಲಿ ಅವನಿಗೆ ಇನ್ನೊಂದು ಸಂಗತಿ ತಿಳಿದುಬಂದಿತು. ಪುಣೆಯ ಭಂಡಾರಕರ ಪ್ರಾಚ್ಯ ಸಂಶೋಧನ ಸಂಸ್ಥೆಯ ವಿದ್ವಾಂಸರು 1919ರಲ್ಲಿ ಕೈಹಚ್ಚಿ, ದೇಶದ ನಾನಾ ಲಿಪಿಗಳ 1,259 ಹಸ್ತಪ್ರತಿಗಳನ್ನು ಆಧಾರವಾಗಿಟ್ಟುಕೊಂಡು, 1966ರಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು 19 ಸಂಪುಟಗಳಲ್ಲಿ ಮುಗಿಸಿದರು. ಸಭಾಪರ್ವವನ್ನು ಪರಿಷ್ಕರಿಸಿದವರು ಅಮೆರಿಕದ ಸಂಸ್ಕೃತ ವಿದ್ವಾಂಸ ಫ್ರ್ಯಾಂಕ್ಲಿನ್ ಎಡ್ಜರ್ಟನ್. ಆ ಪಾಠದಲ್ಲಿ ದ್ರೌಪದಿ ಕೃಷ್ಣನನ್ನು ಮೊರೆಯಿಡುವ ಶ್ಲೋಕಗಳು ಮೂಲದಲ್ಲಿ ನಿಲ್ಲದೆ ಅಡಿಟಿಪ್ಪಣಿಗೆ ಇಳಿದಿವೆ. ಸೀರೆ ಮುಗಿಯುವುದಿಲ್ಲ, ನಿಜ. ಆದರೆ ಯಾರು ಕೊಟ್ಟರೆಂದು ಅಲ್ಲಿ ಹೇಳಿಲ್ಲ.

ಅಜ್ಜಿ ಕಣ್ಣೊರಸಿಕೊಂಡು ಹೇಳುತ್ತಿದ್ದ ಪ್ರಸಂಗವೇ ಮೂಲದಲ್ಲಿಲ್ಲವೆ? ಹುಡುಗನಿಗೆ ಒಳಗೊಳಗೇ ಏನೋ ಕುಸಿದಂತಾಯಿತು. ಅವನು ಅಧ್ಯಾಪಕರ ಮನೆಗೇ ಹೋಗಿ ಕೇಳಿದ. “ಅಜ್ಜಿ ಸುಳ್ಳು ಹೇಳಲಿಲ್ಲ ಕಣಪ್ಪ,” ಎಂದರು ಅವರು, “ಆ ಸಭೆಯಲ್ಲಿ ಮನುಷ್ಯರು ಯಾರೂ ಕೈಹಿಡಿಯಲಿಲ್ಲ. ಅದನ್ನು ಸಹಿಸಲಾರದೆ ತಲೆಮಾರುಗಳ ಜನ ದೇವರನ್ನು ಕರೆದರು. ಕುಮಾರವ್ಯಾಸ ಹಾಗೆ ಕರೆದವರ ಪೈಕಿ ದೊಡ್ಡವನು.”

ಈ ಮಾತು ಅವನ ಮನಸ್ಸಿನಲ್ಲಿ ಬಹಳ ಕಾಲ ಉಳಿಯಿತು. ಪಾಠಾಂತರಗಳ ಅಧ್ಯಯನದಿಂದ ಶ್ರದ್ಧೆ ಕೆಡುವುದೆಂದು ಅಂಜುವವರಿದ್ದಾರೆ. ಅವನ ವಿಷಯದಲ್ಲಿ ನಡೆದುದು ಬೇರೆ. ಕೃಷ್ಣ ಬರುವ ಪಾಠವೂ ಬಾರದ ಪಾಠವೂ ಒಂದೇ ಕಡೆಗೆ ಬೆರಳು ಮಾಡುತ್ತಿದ್ದವು: ಕೈಕಟ್ಟಿ ಕುಳಿತ ಸಭಾಸದರ ಕಡೆಗೆ.

ನಡುಮನೆಯ ಸಭೆ

ಎರಡನೆಯ ವರ್ಷದ ಪರೀಕ್ಷೆ ಮುಗಿಸಿ ಬೇಸಿಗೆ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಮದುವೆ ಅವನ ತಂಗಿಯದು. ಹುಡುಗಿಗೆ ಹದಿನೆಂಟು ತುಂಬಿತ್ತು. ದ್ವಿತೀಯ ಪಿಯುಸಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ವರ, ಅನುಕೂಲಸ್ಥ ಮನೆತನ, ಕೂಡಿಬಂದ ಜಾತಕ. ತಂದೆ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ನಡುಮನೆಯಲ್ಲಿ ಕುಳಿತು ಛತ್ರದ ಬಾಡಿಗೆ, ಚಿನ್ನದ ಧಾರಣೆ, ಮುಹೂರ್ತದ ತಿಥಿ ಎಲ್ಲವನ್ನೂ ಚರ್ಚಿಸಿದರು. ತಂಗಿ ಎರಡು ಸಲ ಕಾಫಿಯ ತಟ್ಟೆ ಹಿಡಿದು ಬಂದು ಹೋದಳು. ಕಾಲೇಜಿನ ಅರ್ಜಿಯ ಕೊನೆಯ ದಿನಾಂಕವನ್ನು ಅವಳು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟದ್ದು ಅಣ್ಣನ ಕಣ್ಣಿಗೆ ಬಿದ್ದಿತ್ತು.

“ಅವಳನ್ನ ಯಾರಾದರೂ ಒಂದು ಮಾತು ಕೇಳಿದ್ದೀರಾ?” ಎಂದ ಆತ.

ನಡುಮನೆ ಸ್ತಬ್ಧವಾಯಿತು. ದೊಡ್ಡಪ್ಪ ಮೆಲ್ಲನೆ ತಲೆಯೆತ್ತಿ, “ಮೀಸೆ ಮೂಡೋಕ್ಕೆ ಮುಂಚೆ ಹಿರಿಯರಿಗೆ ಬುದ್ಧಿ ಹೇಳೋಕ್ಕೆ ಬಂದೆಯಾ?” ಎಂದರು.

ಆ ಮಾತನ್ನು ಅವನು ಪುಸ್ತಕದಲ್ಲಿ ಓದಿದ್ದ. ನಗು ಬರಬೇಕಾಗಿತ್ತು, ಬರಲಿಲ್ಲ. ಏಕೆಂದರೆ ಹಾಗೆ ಕೇಳಿದವರು ಬೇರೆ ಯಾರೋ ಅಲ್ಲ. ಅಡಕೆಗೆ ರೋಗ ತಗುಲಿ ಮನೆಯ ಕೈ ಬರಿದಾಗಿದ್ದ ವರ್ಷ ಅವನ ಕಾಲೇಜಿನ ಶುಲ್ಕವನ್ನೂ ಹಾಸ್ಟೆಲಿನ ಹಣವನ್ನೂ ಕಟ್ಟಿ, ಮೈಸೂರಿನವರೆಗೆ ಜೊತೆಗೆ ಬಂದು ಹಾಸಿಗೆ ಕೊಡಿಸಿ ಹೋದವರು ಆ ದೊಡ್ಡಪ್ಪನೇ. ಅವರದು ದುಷ್ಟತನವೂ ಆಗಿರಲಿಲ್ಲ. ತಮ್ಮ ಕಣ್ಣೆದುರಿಗೇ ತಮ್ಮನ ಮಗಳು ಒಳ್ಳೆಯ ಮನೆ ಸೇರಲೆಂಬ ಕಳಕಳಿ ಅದು.

ಭೀಷ್ಮಪರ್ವದಲ್ಲಿ, ಯುದ್ಧಾರಂಭಕ್ಕೆ ಮುನ್ನ ಆಶೀರ್ವಾದ ಬೇಡಲು ಬಂದ ಧರ್ಮರಾಯನೊಡನೆ ಭೀಷ್ಮರು ತಾವು ಕೌರವರ ಅರ್ಥಕ್ಕೆ ಕಟ್ಟುಬಿದ್ದವರೆಂದು ಹೇಳಿಕೊಳ್ಳುತ್ತಾರೆ. ಮನುಷ್ಯನನ್ನು ಸುಮ್ಮನಿರಿಸುವುದು ಯಾವಾಗಲೂ ಭಯವಲ್ಲ. ಎಷ್ಟೋ ವೇಳೆ ಅದು ಕೃತಜ್ಞತೆ. ಉಂಡ ಮನೆಯ ಎದುರು ಮಾತನಾಡುವುದು ಕಷ್ಟ. ಕರ್ಣನ ಕಷ್ಟ ಅದೇ, ಭೀಷ್ಮರದೂ ಅದೇ. ಪುಸ್ತಕದಲ್ಲಿ ಅದು ಪಾತ್ರವಿಮರ್ಶೆ. ನಡುಮನೆಯಲ್ಲಿ ಅದು ತನ್ನದೇ ಗಂಟಲು.

“ನಿಮ್ಮ ಋಣ ಮರೆತಿಲ್ಲ ದೊಡ್ಡಪ್ಪ. ಮದುವೆ ಬೇಡ ಅಂತಲೂ ನಾನು ಹೇಳ್ತಾ ಇಲ್ಲ. ಅವಳ ವಿಷಯ, ಅವಳನ್ನ ಕೇಳಿ ಅಂದೆ, ಅಷ್ಟೆ,” ಎಂದು ಅವನು ಕುಳಿತುಬಿಟ್ಟ. ಒಳಬಾಗಿಲ ಬಳಿ ನಿಂತಿದ್ದ ತಾಯಿ, ಆ ಹಿರಿಯರ ಮುಂದೆ ಎಂದೂ ತುಟಿ ಬಿಚ್ಚದವರು, “ಕೇಳಿದರೆ ನಷ್ಟವೇನು?” ಎಂದರು. ದೊಡ್ಡಪ್ಪ ಮೇಲೆದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮರುದಿನ ಬೆಳಗ್ಗೆ ತಂದೆ ಮಗಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತನಾಡಿದರು. ಜೂನ್ ತಿಂಗಳಲ್ಲಿ ಅವಳು ಬಿ.ಎಸ್‌ಸಿ.ಗೆ ಸೇರಿದಳು, ಆ ಸಂಬಂಧ ಬೇರೆ ಕಡೆ ಕೂಡಿತು. ಅದರ ಬೆಲೆಯನ್ನೂ ಮನೆ ತೆತ್ತಿತು. ದೊಡ್ಡಪ್ಪ ಹಲವು ತಿಂಗಳು ತಮ್ಮನ ಹೊಸ್ತಿಲು ತುಳಿಯಲಿಲ್ಲ. ಗೌರಿ ಹಬ್ಬದ ರಜೆಯಲ್ಲಿ ಹುಡುಗನೇ ಅವರ ಮನೆಗೆ ಹೋಗಿ ಕಾಲಿಗೆ ನಮಸ್ಕರಿಸಿದ. ಅವರು ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. “ಊಟ ಮಾಡಿಕೊಂಡು ಹೋಗು” ಎಂದಷ್ಟೇ ಹೇಳಿದರು. ಅವನು ಊಟ ಮಾಡಿಕೊಂಡೇ ಬಂದ.

ಪಾಪದ ಪಾಲು

ಇದರಿಂದ ಅವನು ಧೀರನಾದನೆಂದಾಗಲಿ, ಮಹಾಭಾರತ ಓದಿದವರೆಲ್ಲ ಹೀಗೆಯೇ ನುಡಿಯುತ್ತಾರೆಂದಾಗಲಿ ತಿಳಿಯಬೇಕಾಗಿಲ್ಲ. ಓದಿಯೂ ಸುಮ್ಮನಿರುವವರು ಉಂಟು, ಓದದೆಯೂ ನುಡಿಯುವವರು ಉಂಟು. ಅವನ ತಾಯಿ ಯಾವ ಪರ್ವವನ್ನೂ ಓದಿದವರಲ್ಲ. ಕಾವ್ಯ ಮಾಡುವ ಕೆಲಸ ಬೇರೆ. ಬಾಳಿನಲ್ಲಿ ಅಂಥ ಗಳಿಗೆ ಎದುರಾದಾಗ ಅದರ ಗುರುತು ಹಿಡಿಯುವುದನ್ನು ಅದು ಕಲಿಸುತ್ತದೆ. ಛತ್ರ, ಚಿನ್ನ, ಮುಹೂರ್ತಗಳ ಮಾತಿನ ನಡುವೆ ಇದೊಂದು ಸಭೆ, ಇಲ್ಲೊಂದು ಪ್ರಶ್ನೆ ಉತ್ತರವಿಲ್ಲದೆ ಬಿದ್ದಿದೆ ಎಂದು ಕಾಣುವುದಕ್ಕೆ ಅಭ್ಯಾಸವಾದ ಕಣ್ಣು ಬೇಕು.

ಆ ಕಣ್ಣನ್ನು ತೆರೆಯಿಸುವ ಕಥೆಯೊಂದು ದ್ಯೂತಸಭೆಯಲ್ಲಿಯೇ ಇದೆ. ವಿಕರ್ಣನ ಮಾತು ಬಿದ್ದುಹೋದ ಮೇಲೆ ವಿದುರ ಹೇಳುವ ಕಥೆ ಅದು. ಒಬ್ಬ ಕನ್ಯೆಯ ನಿಮಿತ್ತವಾಗಿ ಪ್ರಹ್ಲಾದನ ಮಗ ವಿರೋಚನನಿಗೂ ಅಂಗಿರಸನ ಮಗ ಸುಧನ್ವನಿಗೂ ತಮ್ಮಲ್ಲಿ ಯಾರು ಮೇಲೆಂಬ ವಿವಾದ ಹುಟ್ಟಿತು. ಪ್ರಾಣವನ್ನೇ ಪಣವಾಗಿಟ್ಟು ಇಬ್ಬರೂ ಪ್ರಹ್ಲಾದನ ಬಳಿಗೆ ಬಂದರು. ತೀರ್ಪು ಕೊಡಬೇಕಾದವನು ತಂದೆ, ಪಣದಲ್ಲಿರುವುದು ಮಗನ ಜೀವ. ತಿಳಿದೂ ಉತ್ತರ ಕೊಡದವನಿಗೆ ಏನು ಗತಿಯೆಂದು ಪ್ರಹ್ಲಾದ ಕಶ್ಯಪನನ್ನು ಕೇಳಿದ. ಕಶ್ಯಪನ ಲೆಕ್ಕ ಹೀಗಿತ್ತು: ಖಂಡಿಸಬೇಕಾದುದನ್ನು ಖಂಡಿಸದ ಸಭೆಯಲ್ಲಿ ಪಾಪದ ಅರ್ಧ ಸಭೆಯ ಮುಖ್ಯನಿಗೆ ಸೇರುತ್ತದೆ, ಕಾಲು ಭಾಗ ಮಾಡಿದವನಿಗೆ, ಉಳಿದ ಕಾಲು ಭಾಗ ಸುಮ್ಮನೆ ಕುಳಿತವರಿಗೆ. ಪ್ರಹ್ಲಾದ ಮಗನಿಗೆ ವಿರುದ್ಧವಾಗಿ ತೀರ್ಪಿತ್ತ. ಆ ನ್ಯಾಯನಿಷ್ಠೆಗೆ ಮೆಚ್ಚಿದ ಸುಧನ್ವ ವಿರೋಚನನ ಪ್ರಾಣವನ್ನು ಉಳಿಸಿಕೊಟ್ಟ. ಈ ಕಥೆಯನ್ನು ಕೇಳಿದ ಮೇಲೂ ಕೌರವಸಭೆಯ ರಾಜರು ಬಾಯಿ ತೆರೆಯಲಿಲ್ಲವೆಂದು ವ್ಯಾಸರು ಹೇಳುತ್ತಾರೆ.

ಕಶ್ಯಪನ ಈ ಲೆಕ್ಕದಲ್ಲಿ ಮಾಡಿದವನ ಪಾಲಿಗೂ ಸುಮ್ಮನಿದ್ದವರ ಪಾಲಿಗೂ ವ್ಯತ್ಯಾಸವೇ ಇಲ್ಲ. ಹಿರಿಯನೆನಿಸಿಕೊಂಡವನಿಗಂತೂ ಎಲ್ಲರಿಗಿಂತ ಹೆಚ್ಚಿನ ಪಾಲು. ಮನೆಯ ಯಜಮಾನಿಕೆ, ಕಚೇರಿಯ ಅಧಿಕಾರ, ಸಂಘದ ಅಧ್ಯಕ್ಷಗಿರಿ, ಇವನ್ನು ಹೊತ್ತವರು ಒಮ್ಮೆ ಓದಿ ನೋಡತಕ್ಕ ಭಾಗವಿದು. ಕಿರಿಯರಿಗೂ ಇದರಲ್ಲಿ ವಿನಾಯಿತಿಯಿಲ್ಲ. ವಯಸ್ಸು ಸಾಲದೆಂಬ ನೆಪವನ್ನು ವಿಕರ್ಣ ಎಂದೋ ಅಳಿಸಿಹಾಕಿದ್ದಾನೆ.

ಹಾಗೆಂದು ಆ ವಿಕರ್ಣನನ್ನೂ ಕವಿ ಪೀಠದ ಮೇಲೆ ಕೂರಿಸಲಿಲ್ಲ. ಅವನ ಮಾತಿನಿಂದ ದ್ರೌಪದಿಯ ಅವಮಾನ ತಪ್ಪಲಿಲ್ಲ. ಯುದ್ಧ ಬಂದಾಗ ಅವನು ಅಣ್ಣನನ್ನು ಬಿಟ್ಟುಹೋಗಲೂ ಇಲ್ಲ. ಕೌರವ ಪಕ್ಷದಲ್ಲಿಯೇ ನಿಂತು ಹೋರಾಡಿದ. ನುಡಿಯಬೇಕಾದಲ್ಲಿ ನುಡಿದ, ನಿಲ್ಲಬೇಕೆಂದು ತೋರಿದಲ್ಲಿ ನಿಂತ. ಎರಡನ್ನೂ ಒಂದೇ ಬಾಳಿನಲ್ಲಿ ಹೊರುವುದು ಸುಲಭವಲ್ಲ. ಯಾವುದು ಸರಿಯೆಂದು ಕಾವ್ಯ ತೀರ್ಪು ಕೊಡುವುದೂ ಇಲ್ಲ. ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕದ ಕೊನೆಯ ಪುಟಗಳಲ್ಲಿ ಈ ವಿಷಯವಾಗಿ ಒಂದೇ ವಾಕ್ಯವಿದೆ: “ಮನೆಯನ್ನು ಬಿಡದೆ ಮನೆಯ ತಪ್ಪನ್ನು ಹೇಳುವುದು ಹೇಗೆಂದು ಇನ್ನೂ ಕಲಿಯಬೇಕಾಗಿದೆ.”

ದ್ರೋಣಪರ್ವದ ಪರಂಪರೆಯ ಪಾಠದಲ್ಲಿ, ಯುದ್ಧದ ಹದಿನಾಲ್ಕನೆಯ ದಿನ ವಿಕರ್ಣ ಭೀಮನ ಕೈಯಿಂದ ಸಾಯುತ್ತಾನೆ. ಧೃತರಾಷ್ಟ್ರನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೊಂದು ಅಟ್ಟಹಾಸ ಮಾಡುತ್ತಿದ್ದ ಭೀಮ ಆ ಒಂದು ಶವದ ಮುಂದೆ ಮಾತ್ರ ಮರುಗುತ್ತಾನೆ. ನೂರ್ವರನ್ನೂ ಕೊಲ್ಲುವೆನೆಂಬ ಪ್ರತಿಜ್ಞೆಯಿಂದಾಗಿ ನಿನ್ನನ್ನೂ ಕೊಲ್ಲಬೇಕಾಯಿತು, ನೀನು ನಮ್ಮ ಹಿತವನ್ನು ಬಯಸಿದವನು ಎಂದು ಹಲುಬುತ್ತಾನೆ. ಹಸ್ತಿನಾವತಿಯ ಆ ಸಭೆ ಕಳೆದು ಅಷ್ಟು ಹೊತ್ತಿಗೆ ಹದಿಮೂರು ವರ್ಷಗಳಿಗೂ ಹೆಚ್ಚಾಗಿತ್ತು. ಅಂದು ಹುಡುಗನೊಬ್ಬ ಎದ್ದು ನಿಂತು ಆಡಿದ ನಾಲ್ಕು ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎದುರು ಪಾಳೆಯದ ಭೀಮ ಅದನ್ನು ಮರೆತಿರಲಿಲ್ಲ.